ಕುಕ್ಕರ್ ಮುಚ್ಚಳ ಗೊತ್ತಿದ್ದಾಕಿಗೆ ರೇಡಿಯೇಟರ್ ಮುಚ್ಚಳ ಗೊತ್ತಾಗೂದಿಲ್ಲೇನು?

ಸೀಟಿ ಹೊಡಿಯೂ ಕುಕ್ಕರಿನ ಮುಚ್ಚಳ ನಮ್ಮೊಳಗ ಯಾರರೆ ತೆಗಿತೀವೇನ್ರಿ? ಹತ್ತು ವರ್ಷದ ಹುಡುಗಿನೂ ತೆಗಿಯೂದಿಲ್ಲ. ಆದ್ರ ಯುಗಾದಿ ಆದ ವಾರ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಹತ್ರ ನಮ್ಮ ಗಾಡಿ ಹೊಗಿ ಬಿಟಗೋತ ನಿಂತಾಗ, ಡಿಗ್ರಿ ಓದಿದ ನನ್ನ ಮೈದುನ ಬಾನೆಟ್ ಎತ್ತಿ, ಅರಿವಿ ಹಿಡಕೊಂಡು ರೇಡಿಯೇಟರ್ ಮುಚ್ಚಳ ತಿರುವಲಿಕ್ಕೆ ಹೋದ. "ತೆಗಿಬ್ಯಾಡೋ, ಒಳಗ ಉಗಿ ಐತಿ" ಅಂದೆ. "ಸುಮ್ನಿರ್ರಿ ವೈನಿ, ಇದು ಅಡಗಿಮನಿ ಅಲ್ಲ" ಅಂದ. ಅಷ್ಟರಾಗ ಕುದಿಯೂ ನೀರು ಚಿಮ್ಮಿ ಮುಂಗೈಯಿಂದ ಮೊಣಕೈತನಕಾ ಬೊಬ್ಬಿ ಎದ್ದು. ಹಿಂದಿನ ಸೀಟಿನಾಗ ಮಾವನೋರು. ವಾರಕ್ಕ ಎರಡು ಸಲ ಅವರಿಗೆ ಡಯಾಲಿಸಿಸ್. ಆಟೋ ಹಿಡದು ಅವರನ್ನ ದವಾಖಾನಿ ಮುಟ್ಟಸೂದ್ರಾಗ ಒಂದೂವರಿ ತಾಸು ತಡಾ ಆತು.

ಮರುದಿನ ಬಂದ ಮೆಕ್ಯಾನಿಕ್ ಬಾನೆಟ್ ಎತ್ತೂಕಿಂತ ಮೊದಲ ಹೇಳಿದ: "ಹೆಡ್ ಗ್ಯಾಸ್ಕೆಟ್ ಹೋಗೇತಿ. ಇಂಜಿನ್ ಬಿಚ್ಚಬೇಕು. 18,000 ರೂಪಾಯಿ." ನಮ್ಮನಿಯವರು ರೊಕ್ಕ ಹೊಂದಸೂ ವಿಚಾರಕ್ಕ ಬಿದ್ರು. ನಾ ಒಂದ ಮಾತು ಕೇಳಿದೆ: "ಶೆರೇವಾಡದ ರಸ್ತಾದಾಗ ಜೋರು ಹೋಗುವಾಗ ಉಷ್ಣದ ಮುಳ್ಳು ನಡುವ ಇರತೈತಿ. ಊರಾಗ ಸಿಗ್ನಲ್‌ನಾಗ ನಿಂತಾಗಷ್ಟ ಮ್ಯಾಲೆ ಏರತೈತಿ. ಯಾಕ?" ಅದಕ್ಕ ಸಿಕ್ಕ ಉತ್ತರ, "ಅಕ್ಕಾರ, ಒಂದೀಟು ಚಹಾ ಮಾಡ್ರಿ."

ಚಹಾ ಮಾಡಿದೆ. ಆದ್ರ ಉತ್ತರ ನಾನ ಹುಡಕಿದೆ.

ನಮ್ಮದು 1998ರ ಮಾರುತಿ 800. ಇಂಜಿನ್ ಸುತ್ತ ನೀರು ತಿರಗತೈತಿ, ಆ ಕಾವು ತಗೊಂಡು ಮುಂದಿನ ರೇಡಿಯೇಟರಿಗೆ ಬರತೈತಿ, ಅಲ್ಲಿ ಗಾಳಿಗೆ ಆರತೈತಿ. ಗಾಡಿ ಓಡುವಾಗ ಗಾಳಿ ತಾನ ಬಡಿತೈತಿ. ನಿಂತಾಗ ಕರೆಂಟಿನ ಫ್ಯಾನ್ ಒಂದ ಗತಿ. ನಿಂತಾಗ ಮಾತ್ರ ಕಾಯ್ತೈತಿ ಅಂದ್ರ ಮೊದಲ ಸಂಶಯ ಫ್ಯಾನಿನ ಮ್ಯಾಲೆ ಬರಬೇಕಲ್ಲ? ಅಂಗಳದಾಗ ಗಾಡಿ ಚಾಲೂ ಇಟ್ಟು ನಿಂತು ನೋಡಿದೆ. ಮುಳ್ಳು ಏರಿತು, ಫ್ಯಾನ್ ಮಿಸುಕಲಿಲ್ಲ. ತಕ್ಷಣ ಬಂದ್ ಮಾಡಿದೆ. ಇನ್ನೊಬ್ಬ ಮೆಕ್ಯಾನಿಕ್ ಹುಡುಗನ್ನ ಕರಿಸಿದ್ವಿ. ಫ್ಯೂಸ್ ನೋಡಿದ, ಚೊಲೋ ಇತ್ತು. ಕಾವು ತಿಳದು ಫ್ಯಾನ್ ಹಚ್ಚೂ ಸ್ವಿಚ್ಚಿನ ಎರಡು ವಾಯರ್ ಕೂಡಿಸಿದ, ಫ್ಯಾನ್ ಗರ್ರ್ ಅಂತ ತಿರಗಿತು. ಫ್ಯಾನ್ ಚೊಲೋ ಐತಿ, ಸ್ವಿಚ್ ಸತ್ತೈತಿ. ಕೂಲಿ ಹಿಡದು 600 ರೂಪಾಯಿ.

600 ಎಲ್ಲಿ, 18,000 ಎಲ್ಲಿ! ನನ್ನ ಸಿಟ್ಟು ಮೆಕ್ಯಾನಿಕ್ ಒಬ್ಬನ ಮ್ಯಾಲೆ ಅಲ್ಲ. "ಹೆಂಗಸರಿಗೆ ಗಾಡಿ ತಿಳಿಯೂದಿಲ್ಲ" ಅಂತ ನಂಬಿದ ಗಂಡಸರ ಮ್ಯಾಲೆ, ಹೌದಂತ ತಲಿ ಹಾಕೂ ನಮ್ಮ ಮ್ಯಾಲೆನೂ. ರೇಡಿಯೇಟರ್ ಮುಚ್ಚಳ ಕುಕ್ಕರಿನ ಮುಚ್ಚಳದ ತಂಗಿ. ಬಯಲಿನಾಗ ನೀರು 100 ಡಿಗ್ರಿಗೆ ಕುದಿತೈತಿ. ಒತ್ತಡದಾಗ ಹಿಡದಿಟ್ರ 120ರ ಹತ್ರ ಹೋಗೂತನಕಾ ಕುದಿಯೂದಿಲ್ಲ. ಮುಚ್ಚಳ ತೆಗದ್ರ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೆ ಉಕ್ಕತೈತಿ. ಮುಚ್ಚಳದ ರಬ್ಬರ್ ಸಡ್ಲಾದ್ರೂ ಗಾಡಿ ಕುದಿತೈತಿ, ರಿಂಗ್ ಸಡ್ಲಾದ ಕುಕ್ಕರಿನಾಗ ಬ್ಯಾಳಿ ಬೇಯದಂಗ. ಇದು ನಮಗ ಬಿಟ್ಟು ಯಾರಿಗೆ ಲಗೂನ ತಿಳಿಬೇಕು?

ನೀರಿನ ಮಾತಿಗೆ ಬರ್ರಿ. ನಮ್ಮ ಎರಿ ಭೂಮಿ ಬೋರಿನ ಸವಳು ನೀರು ಕಾಸಿದ ಪಾತೇಲಿ ತಳಕ್ಕ ಬಿಳಿ ಪಕಳಿ ಹಿಡಿಯೂದು ಕಂಡೀರಿ. ಅದ ನೀರು ರೇಡಿಯೇಟರಿಗೆ ಸುರುವಿದ್ರ ಅದರ ಸಣ್ಣ ಸಣ್ಣ ನಳಿಗಿ ಕಟಗೊಳ್ಳೂದಿಲ್ಲೇನು? ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಸ್ರಿ. ಕೂಲಂಟ್ ಬಾಯಿಗೆ ಸಿಹಿ, ಆದ್ರ ವಿಷ. ಕೂಸುಗಳ ಕೈಗೆ, ನಾಯಿ ಬಾಯಿಗೆ ಸಿಗದಂಗ ಇಡ್ರಿ. "ನಮ್ಮ ಕಡೆ ಸೆಕಿ ಭಾಳ, ಥರ್ಮೋಸ್ಟಾಟ್ ವಾಲ್ವ್ ತೆಗದು ಒಗಿಯೂಣು" ಅಂದ್ರ ಬ್ಯಾಡ ಅನ್ರಿ. ವಾಲ್ವ್ ಇಲ್ಲದ ಇಂಜಿನ್ ಹದಕ್ಕ ಕಾಯೂದಕ್ಕ ಹೊತ್ತು ಹಿಡಿತೈತಿ, ಪೆಟ್ರೋಲ್ ತಿಂತೈತಿ, ಸವಿತೈತಿ. ಕುದಿಯೂ ಇಂಜಿನ್ ಮ್ಯಾಲೆ ತಣ್ಣೀರು ಸುರುವೂದಂತೂ ಬ್ಯಾಡವೇ ಬ್ಯಾಡ. ಕಾದ ಮಣ್ಣಿನ ಹಂಚಿಗೆ ನೀರು ಗೊಜ್ಜಿದ್ರ ಏನಾಗತೈತಿ ಅಂತ ನಮಗ ಯಾರು ಹೇಳಬೇಕು?

ಹೆಡ್ ಗ್ಯಾಸ್ಕೆಟ್ ಹೋಗೂದ ಇಲ್ಲ ಅಂತ ನಾ ಅನ್ನೂದಿಲ್ಲ. ಕಾದ ಗಾಡಿನ್ನ ಹಂಗ ಓಡಿಸಿದ್ರ ಖರೇನ ಹೋಗತೈತಿ. ಆದ್ರ ಗುರುತು ತೋರಸಂತ ಕೇಳ್ರಿ. ಆಯಿಲ್ ಹಾಲು ಹಾಕಿದ ಚಹಾದಂಗ ಆಗೇತೇನು? ಎಲ್ಲೂ ಸೋರದ ನೀರು ಕಡಿಮಿ ಆಗಲಿಕ್ಕೆ ಹತ್ತೇತೇನು? ಹಿಂದ ಬಿಳಿ ಹೊಗಿ ನಿಲ್ಲದ ಬರತೈತೇನು? ಯಾವ ಗುರುತೂ ಇಲ್ಲಂದ್ರ ಇಂಜಿನ್ ಬಿಚ್ಚಿಸಬ್ಯಾಡ್ರಿ. ಮೊದಲ ಮುಚ್ಚಳ, ಪೈಪು, ಬೆಲ್ಟು, ಫ್ಯಾನ್, ವಾಲ್ವ್ ನೋಡಸ್ರಿ.

"ಹೆಂಗಸರಿಗ್ಯಾಕ ಈ ಉಸಾಬರಿ?" ಅನ್ನೂರಿಗೆ ಒಂದು ಮಾತು. ಜಗತ್ತಿನಾಗ ಮೊದಲ ಸಲ ಮೋಟಾರ್ ಗಾಡಿನ್ನ ದೂರದ ಊರಿಗೆ ಹೊಡಕೊಂಡು ಹೋದಾಕಿ ಒಬ್ಬ ಹೆಂಗಸು, ಜರ್ಮನಿಯ ಬರ್ತಾ ಬೆಂಝ್. 1888ರ ಆಗಸ್ಟ್‌ನಾಗ ಗಂಡಗ ಹೇಳದ, ಇಬ್ಬರು ಗಂಡಮಕ್ಕಳನ್ನ ಕೂಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ತ್ಸ್‌ಹೈಮಿನ ತವರಿಗೆ 100 ಕಿಲೋಮೀಟರ್ ಮ್ಯಾಲೆ ಹೋದಳು. ದಾರಿಯುದ್ದಕ್ಕೂ ನಿಂತು ನಿಂತು ಇಂಜಿನ್ ಆರಸಲಿಕ್ಕೆ ನೀರು ಹಾಕಿದಳು, ಕಟ್ಟಿದ ಇಂಧನದ ನಳಿಗಿನ್ನ ಟೊಪ್ಪಿಗಿ ಪಿನ್ನಿನಿಂದ ಬಿಡಿಸಿದಳು. ಆಕಿಗೆ ಯಾರೂ "ಚಹಾ ಮಾಡ್ರಿ" ಅನ್ನಲಿಕ್ಕೆ ಹತ್ರ ಇರಲಿಲ್ಲ, ನೋಡ್ರಿ.

ಅದಕ್ಕ ಅಕ್ಕಾರ, ತಂಗೆಂದ್ರ, ಸೋಮವಾರ ಮುಂಜಾನೆ ರಂಗೋಲಿ ಹಾಕಿದ ಮ್ಯಾಲೆ, ಇಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತರಿ. ಪ್ಲಾಸ್ಟಿಕ್ ಡಬ್ಬಿಯ ನೀರು ಎರಡು ಗೆರಿ ನಡುವ ಐತೇನು, ಪೈಪು ಬಿರುಕು ಬಿಟ್ಟೇತೇನು, ಗಾಡಿ ಕೆಳಗ ನೀರಿನ ಕಲಿ ಐತೇನು, ಇಷ್ಟ. ಐದು ನಿಮಿಷ. ರಸ್ತಾದಾಗ ಮುಳ್ಳು ಏರಿದ್ರ ಬದಿಗೆ ನಿಲ್ಲಸಿ ಬಂದ್ ಮಾಡ್ರಿ, ಪೂರ್ತಿ ಆರೂತನಕಾ ಮುಚ್ಚಳ ಮುಟ್ಟಬ್ಯಾಡ್ರಿ. ಯಾರರೆ ನಕ್ಕರ ನಮ್ಮ ಮನಿಗೆ ಕಳಸ್ರಿ. ಮೈದುನನ ಕೈ ತೋರಸ್ತೀನಿ.