ಮಕ್ಕಳ ಸಿನಿಮಾಕ್ಕೆ ಭಾನುವಾರವೇ ಷರಾ ಬರೆಯಬೇಡಿ

2023ರ ಜೂನ್ 16ರ ಶುಕ್ರವಾರ ಅಮೆರಿಕದಲ್ಲಿ ಎರಡು ದೊಡ್ಡ ಸಿನಿಮಾಗಳು ಒಟ್ಟಿಗೇ ತೆರೆಕಂಡವು. ಒಂದು ಸೂಪರ್‌ಹೀರೊ ಕತೆಯ ‘ದಿ ಫ್ಲ್ಯಾಶ್’, ಇನ್ನೊಂದು ಪಿಕ್ಸರ್ ಸಂಸ್ಥೆಯ ಅನಿಮೇಷನ್ ಚಿತ್ರ ‘ಎಲಿಮೆಂಟಲ್’. ಮೊದಲ ಮೂರು ದಿನದಲ್ಲಿ ‘ಫ್ಲ್ಯಾಶ್’ ಅಲ್ಲಿ ಗಳಿಸಿದ್ದು ಸುಮಾರು 5.5 ಕೋಟಿ ಡಾಲರ್, ‘ಎಲಿಮೆಂಟಲ್’ ಗಳಿಸಿದ್ದು 2.96 ಕೋಟಿ. ಪಿಕ್ಸರ್ ತನ್ನ ಚಿತ್ರಕ್ಕೆ ಸುರಿದಿದ್ದು ಸುಮಾರು 20 ಕೋಟಿ ಡಾಲರ್. ಟಿಕೆಟ್ ದರದ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಂಸ್ಥೆಯ ಅದುವರೆಗಿನ ಚಿತ್ರಗಳಲ್ಲೇ ಅತ್ಯಂತ ದುರ್ಬಲ ಆರಂಭ. ಭಾನುವಾರ ಅಂದಾಜು ಲೆಕ್ಕ ಹೊರಬಿದ್ದದ್ದೇ ತಡ, ಬಾಕ್ಸ್ ಆಫೀಸ್ ಅಭಿಮಾನಿಗಳು ಷರಾ ಬರೆದುಬಿಟ್ಟರು: ಸಿನಿಮಾ ಫ್ಲಾಪ್, ಪಿಕ್ಸರ್ ಕಾಲ ಮುಗಿಯಿತು.

ಮುಂದೆ ಆದದ್ದೇ ಬೇರೆ. ಎರಡನೇ ವಾರಾಂತ್ಯದಲ್ಲಿ ‘ಫ್ಲ್ಯಾಶ್’ ಗಳಿಕೆ ಶೇ 70ಕ್ಕಿಂತ ಹೆಚ್ಚು ಕುಸಿಯಿತು. ‘ಎಲಿಮೆಂಟಲ್’ ಕಳೆದುಕೊಂಡದ್ದು ಶೇ 38ರಷ್ಟು ಮಾತ್ರ. ಜುಲೈ ಕಳೆಯಿತು, ಆಗಸ್ಟ್ ಬಂತು, ಆ ಚಿತ್ರ ಚಿತ್ರಮಂದಿರ ಬಿಟ್ಟು ಕದಲಲಿಲ್ಲ. ಕೊನೆಗೆ ಅಮೆರಿಕದಲ್ಲಿ ‘ಫ್ಲ್ಯಾಶ್’ ನಿಂತದ್ದು 10.8 ಕೋಟಿಗೆ, ‘ಎಲಿಮೆಂಟಲ್’ ನಿಂತದ್ದು 15.4 ಕೋಟಿಗೆ. ಜಗತ್ತಿನಾದ್ಯಂತ ಅದರ ಗಳಿಕೆ 49 ಕೋಟಿ ಡಾಲರ್ ದಾಟಿತು. ಅದೇ ಆಗಸ್ಟ್‌ನಲ್ಲಿ ಪಿಕ್ಸರ್ ಅಧ್ಯಕ್ಷ ಜಿಮ್ ಮಾರಿಸ್, ಚಿತ್ರ ಹಾಕಿದ ಬಂಡವಾಳಕ್ಕೆ ಮೋಸ ಮಾಡುವುದಿಲ್ಲ ಎಂದು ಹೇಳುವ ಸ್ಥಿತಿಗೆ ಬಂದಿದ್ದರು.

ಬಾಕ್ಸ್ ಆಫೀಸ್ ಲೆಕ್ಕ ಇಟ್ಟುಕೊಂಡು ಮಾತನಾಡುವ ಅಭಿಮಾನಿಗಳ ಬಗ್ಗೆ ನನಗೆ ಗೌರವವಿದೆ. ವಿತರಕರ ಕಚೇರಿಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಓಪನಿಂಗ್, ಡ್ರಾಪ್, ಮಲ್ಟಿಪ್ಲೈಯರ್, ಬ್ರೇಕ್ ಈವನ್ ಎಂಬ ಮಾತುಗಳನ್ನು ಇವತ್ತು ಕಾಲೇಜು ಹುಡುಗರು ಸಲೀಸಾಗಿ ಬಳಸುತ್ತಾರೆ. ಟಿಕೆಟ್ ಹಣದಲ್ಲಿ ಸುಮಾರು ಅರ್ಧ ಚಿತ್ರಮಂದಿರದ ಪಾಲು, ಹಾಗಾಗಿ ನಿರ್ಮಾಣ ವೆಚ್ಚದ ಎರಡೂವರೆ ಪಟ್ಟು ಗಳಿಸದೆ ಲಾಭದ ಮಾತಿಲ್ಲ ಎಂಬ ಸ್ಥೂಲ ಸೂತ್ರವೂ ಅವರಿಗೆ ಬಾಯಿಪಾಠ. ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಸೂಪರ್‌ಹೀರೊ ಚಿತ್ರವನ್ನೂ ಹಾರರ್ ಚಿತ್ರವನ್ನೂ ಅಳೆಯುವ ಮೊದಲ ವಾರಾಂತ್ಯದ ಕೋಲಿನಿಂದಲೇ ಬೇಸಿಗೆ ರಜೆಯ ಕೌಟುಂಬಿಕ ಚಿತ್ರವನ್ನೂ ಅಳೆದರೆ ಲೆಕ್ಕ ತಪ್ಪುತ್ತದೆ. ಆ ತಪ್ಪು ಲೆಕ್ಕ ಚಿತ್ರದ ಆಯಸ್ಸನ್ನೇ ಕತ್ತರಿಸುತ್ತದೆ.

ಸೂಪರ್‌ಹೀರೊ ಚಿತ್ರಕ್ಕೆ ಮೊದಲ ದಿನವೇ ನುಗ್ಗುವವರು ಕತೆಯ ಗುಟ್ಟು ಬೇರೆಯವರ ಬಾಯಿಂದ ಗೊತ್ತಾಗಿಬಿಟ್ಟೀತು ಎಂಬ ಆತಂಕದಲ್ಲಿರುತ್ತಾರೆ. ಆರು ವರ್ಷದ ಮಗುವಿಗೆ ಅಂಥ ಆತಂಕ ಇಲ್ಲ. ಅದು ಒಂದೇ ಕತೆಯನ್ನು ಹತ್ತು ಸಲ ಕೇಳುತ್ತದೆ. ಅದನ್ನು ಕರೆದೊಯ್ಯಬೇಕಾದ ಅಪ್ಪ ಅಮ್ಮ ನಾಲ್ಕು ಟಿಕೆಟ್, ಪಾಪ್‌ಕಾರ್ನ್, ಓಡಾಟದ ಖರ್ಚನ್ನೆಲ್ಲ ಕೂಡಿಸಿ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಯಾವತ್ತು ಅನುಕೂಲವೋ ಅವತ್ತು ಹೊರಡುತ್ತಾರೆ. ಅಮೆರಿಕದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆ ಇರುವುದಿಲ್ಲ. ಆ ತಿಂಗಳುಗಳಲ್ಲಿ ಮಕ್ಕಳ ಚಿತ್ರಕ್ಕೆ ಮಂಗಳವಾರ ಮಧ್ಯಾಹ್ನವೂ ಬೆಲೆಯುಳ್ಳದ್ದು. ಇಂಥ ಚಿತ್ರದ ನಿಜವಾದ ಬಲ ಗೊತ್ತಾಗುವುದು ಶುಕ್ರವಾರದ ಸಂಖ್ಯೆಯಲ್ಲಲ್ಲ, ಎರಡನೇ, ಮೂರನೇ ವಾರದ ನಡುದಿನಗಳಲ್ಲಿ.

ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. ‘ಎಲಿಮೆಂಟಲ್’ ನಿರ್ದೇಶಕ ಪೀಟರ್ ಸೋನ್ ಅವರ ತಂದೆ ತಾಯಿ ಕೊರಿಯಾದಿಂದ ವಲಸೆ ಹೋಗಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ದಿನಸಿ ಅಂಗಡಿ ನಡೆಸಿದವರು. ಚಿತ್ರದ ಬೆಂಕಿ ಹುಡುಗಿ ಎಂಬರ್‌ಳ ಅಪ್ಪನಿಗೂ ಪರದೇಶದಲ್ಲಿ ಒಂದು ಅಂಗಡಿ. ಊರು ಬಿಟ್ಟು ಹೊರಡುವಾಗ ಆತ ತನ್ನ ತಂದೆಗೆ ನೆಲಮುಟ್ಟಿ ನಮಸ್ಕರಿಸುತ್ತಾನೆ. ಮುನಿದ ತಂದೆ ಪ್ರತಿನಮಸ್ಕಾರ ಮಾಡುವುದಿಲ್ಲ. ಕೊನೆಯಲ್ಲಿ ಮಗಳು ತನ್ನ ದಾರಿ ಹಿಡಿದು ಹೊರಟು ಅದೇ ರೀತಿ ಬಾಗಿದಾಗ, ಈ ಅಪ್ಪ ತಾನೂ ಬಾಗುತ್ತಾನೆ. ಹಿರಿಯರಿಗೆ ಬಾಗುವ ಆ ಸಂಪ್ರದಾಯ ಕೊರಿಯಾದ ಮನೆಮನೆಯದ್ದು. ಅಲ್ಲಿ ಎರಡನೇ ವಾರಾಂತ್ಯಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಜನ ಬಂದರು, ಒಟ್ಟು 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಖರ್ಚಾಯಿತು. ಇಂಥ ದೃಶ್ಯದ ಮಾತು ಒಬ್ಬರಿಂದ ಒಬ್ಬರಿಗೆ ದಾಟಲು ವಾರಗಳು ಬೇಕು.

2025ರ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲಿದ್ದದ್ದು ಎರಡು ಹೆಸರು. ‘ಲಿಲೊ ಅಂಡ್ ಸ್ಟಿಚ್’ 2002ರ ಕಾರ್ಟೂನ್ ಚಿತ್ರದ ಮರುಸೃಷ್ಟಿ. ಅಮೆರಿಕದಲ್ಲಿ ಮೊದಲ ಮೂರು ದಿನದಲ್ಲೇ 14.6 ಕೋಟಿ ಡಾಲರ್, ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು. ಪಿಕ್ಸರ್‌ನ ‘ಎಲಿಯೊ’ ಯಾವ ಹಳೆಯ ಹೆಸರಿನ ಆಸರೆಯೂ ಇಲ್ಲದ ಹೊಸ ಕತೆ, ಆರಂಭ 2.08 ಕೋಟಿ, ಪಿಕ್ಸರ್ ಇತಿಹಾಸದ ಕನಿಷ್ಠ. ಜಗತ್ತಿನಾದ್ಯಂತ ಒಟ್ಟು ಗಳಿಕೆ 15.4 ಕೋಟಿಗೆ ನಿಂತಿತು. ವೆಚ್ಚವೇ ಕನಿಷ್ಠ 15 ಕೋಟಿ ಎಂದಮೇಲೆ ನಷ್ಟವಾದದ್ದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಭಿಮಾನಿಗಳದ್ದೇ ಮಲ್ಟಿಪ್ಲೈಯರ್ ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ‘ಲಿಲೊ’ ಒಟ್ಟು ಗಳಿಕೆ ಮೊದಲ ವಾರಾಂತ್ಯದ 2.9 ಪಟ್ಟು, ‘ಎಲಿಯೊ’ದ್ದು 3.5 ಪಟ್ಟು. ನೋಡಿದವರು ಅದನ್ನು ಕೈಬಿಡಲಿಲ್ಲ, ಪ್ರೇಕ್ಷಕರ ಸಮೀಕ್ಷೆಯಾದ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ ‘ಎ’ ದರ್ಜೆ ಸಿಕ್ಕಿತ್ತು. ಗೊತ್ತಿಲ್ಲದ ಹೆಸರಿನ ಚಿತ್ರಕ್ಕೆ ಜನ ಮೊದಲ ಮೂರು ದಿನ ಬರಲಿಲ್ಲ, ಅಷ್ಟೇ. ಆ ಮೂರು ದಿನದ ಸುದ್ದಿ ಮಾತ್ರ ಎಲ್ಲ ಕಡೆ ಹಬ್ಬಿತು.

ಜನ ಹೀಗೆ ಮೊದಲ ದಿನಗಳಲ್ಲಿ ಬಾರದಿರುವುದಕ್ಕೆ ಪಿಕ್ಸರ್‌ನ ಒಡೆತನದ ಡಿಸ್ನಿ ಕಂಪನಿಯ ಹೊಣೆಯೂ ದೊಡ್ಡದು. ಕೋವಿಡ್ ಹೊತ್ತಿನಲ್ಲಿ ‘ಸೋಲ್’, ‘ಲೂಕಾ’, ‘ಟರ್ನಿಂಗ್ ರೆಡ್’ ಮೂರನ್ನೂ ಅಮೆರಿಕದಲ್ಲಿ ನೇರವಾಗಿ ಮನೆಯ ಪರದೆಗೆ ಕೊಟ್ಟು, ಪಿಕ್ಸರ್ ಚಿತ್ರವೆಂದರೆ ಕಾದು ಮನೆಯಲ್ಲೇ ನೋಡಬಹುದು ಎಂಬ ರೂಢಿ ಹಾಕಿದ್ದು ಅದೇ ಕಂಪನಿ. ಹಾಗೆಂದು ಮಕ್ಕಳು ಚಿತ್ರಮಂದಿರವನ್ನು ಮರೆತಿಲ್ಲ. ‘ಎಲಿಯೊ’ ತೆರೆಕಂಡ ಜೂನ್ 20ರಂದೇ ‘ಕೆ-ಪಾಪ್ ಡೀಮನ್ ಹಂಟರ್ಸ್’ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಎರಡು ತಿಂಗಳ ನಂತರ, ಅದರ ಹಾಡುಗಳೆಲ್ಲ ಮಕ್ಕಳ ಬಾಯಲ್ಲಿ ಕುಣಿಯುತ್ತಿದ್ದಾಗ, ಜೊತೆಗೂಡಿ ಹಾಡುವ ಪ್ರದರ್ಶನವೆಂದು ಎರಡೇ ದಿನ ಚಿತ್ರಮಂದಿರಕ್ಕೆ ತಂದರು. ಉದ್ಯಮದ ಅಂದಾಜಿನಂತೆ ಆ ವಾರಾಂತ್ಯದ ಮೊದಲ ಸ್ಥಾನ ಅದಕ್ಕೇ. ಮನೆಯಲ್ಲಿ ಪುಕ್ಕಟೆಯಂತೆ ಸಿಗುತ್ತಿದ್ದ ಚಿತ್ರಕ್ಕೆ ಟಿಕೆಟ್ ಕೊಂಡು ಹೋಗುವಷ್ಟು ಪ್ರೀತಿ ಬಲಿಯಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ಇವತ್ತು ಯಾವ ಚಿತ್ರಕ್ಕೂ ಸುಲಭವಾಗಿ ಸಿಗುವುದಿಲ್ಲ. ಯೂನಿವರ್ಸಲ್ ಸಂಸ್ಥೆ 2020ರಲ್ಲಿ ಎಎಂಸಿ ಚಿತ್ರಮಂದಿರಗಳ ಜೊತೆ ಮಾಡಿಕೊಂಡ ಒಪ್ಪಂದದ ನಂತರ ಬಂದ ಪದ್ಧತಿ ನೋಡಿ: ಆರಂಭದ ವಾರಾಂತ್ಯದಲ್ಲಿ 5 ಕೋಟಿ ಡಾಲರ್ ದಾಟಿದ ಚಿತ್ರ 31 ದಿನ ಚಿತ್ರಮಂದಿರದಲ್ಲಷ್ಟೇ ಇರುತ್ತಿತ್ತು, ದಾಟದಿದ್ದರೆ 17 ದಿನ ಕಳೆದರೆ ಮನೆಯಲ್ಲೇ ಬಾಡಿಗೆಗೆ ಸಿಗಬಹುದಿತ್ತು. ಅದೇ ಸಂಸ್ಥೆಯ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ 2025ರ ಜೂನ್ 13ಕ್ಕೆ ಬಂದು 8 ಕೋಟಿಗೂ ಮೀರಿದ ಆರಂಭ ಕಂಡಿತು, ಜುಲೈ ಮಧ್ಯದವರೆಗೆ ಅದಕ್ಕೆ ಉಸಿರಾಡಲು ಜಾಗ ಸಿಕ್ಕಿತು. ನಿಧಾನವಾಗಿ ಜನರನ್ನು ಗಳಿಸಿಕೊಳ್ಳಬೇಕಾದ, ಹೆಚ್ಚು ದಿನ ಬೇಕಾದ ಚಿತ್ರಕ್ಕೇ ಕಡಿಮೆ ದಿನ ಸಿಗುತ್ತಿದ್ದ ವ್ಯವಸ್ಥೆ ಅದು. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ 1982ರ ಜೂನ್‌ನಲ್ಲಿ 1.18 ಕೋಟಿ ಡಾಲರ್‌ನಿಂದ ಆರಂಭಿಸಿ, ಎರಡನೇ ವಾರಾಂತ್ಯದಲ್ಲಿ ಅದಕ್ಕಿಂತ ಹೆಚ್ಚು ಗಳಿಸಿ, ಮೊದಲ ಸುತ್ತಿನಲ್ಲೇ ಅಮೆರಿಕದಲ್ಲಿ 35 ಕೋಟಿ ದಾಟಿತ್ತು. ಆ ಚಿತ್ರಕ್ಕೆ ಈಗಿನ ಆತುರದ ಕಾಲ ಬಂದಿದ್ದರೆ ಎಂದು ನೆನೆದರೆ ಸಂಕಟವಾಗುತ್ತದೆ. ಮೊದಲ ಭಾನುವಾರ ‘ಫ್ಲಾಪ್’ ಎಂಬ ಸುದ್ದಿ ಓದಿದ ತಂದೆ ತಾಯಿ, ಹೇಗೂ ಮನೆಗೇ ಬರುತ್ತದಲ್ಲ ಎಂದು ಸುಮ್ಮನಾಗುತ್ತಾರೆ. ಸೋಮವಾರ ಚಿತ್ರಮಂದಿರದವರು ದೊಡ್ಡ ತೆರೆಯನ್ನು ಇನ್ನೊಂದು ಚಿತ್ರಕ್ಕೆ ಕೊಡುತ್ತಾರೆ. ಅಭಿಮಾನಿಯ ಭವಿಷ್ಯ ನಿಜವಾಗುತ್ತದೆ.

ಏಟು ಬೀಳುವುದು ಹೊಸ ಕತೆಗಳಿಗೆ. ‘ಲಿಲೊ’ದ ಮುಂದಿನ ಭಾಗ ಸುಮಾರು ಒಂದೇ ತಿಂಗಳಲ್ಲಿ ಘೋಷಣೆಯಾಯಿತು. 2026ರ ಬಿಡುಗಡೆಗಳನ್ನು ಪಿಕ್ಸರ್ ನಿಗದಿಪಡಿಸಿದಾಗ ಬೇಸಿಗೆಯ ಜೂನ್ 19 ಸಿಕ್ಕಿದ್ದು ‘ಟಾಯ್ ಸ್ಟೋರಿ’ಯ ಐದನೇ ಭಾಗಕ್ಕೆ. ಹೊಸ ಕತೆಯ ‘ಹಾಪರ್ಸ್’ಗೆ ಸಿಕ್ಕಿದ್ದು ಮಾರ್ಚ್ 6, ಅಮೆರಿಕದ ಶಾಲೆಗಳು ನಡೆಯುವ ಕಾಲ.

ಕನ್ನಡಿಗರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ನಾವು ಸಿನಿಮಾವನ್ನು ಅಳೆಯುತ್ತಿದ್ದದ್ದೇ ದಿನಗಳಲ್ಲಿ: ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. 1972ರ ಮಾರ್ಚ್ 31ರಂದು, ಬೇಸಿಗೆ ರಜೆಯ ಹೊಸ್ತಿಲಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದರ ಮೊದಲ ದಿನದ ಕಲೆಕ್ಷನ್ ಎಷ್ಟೆಂದು ಯಾರೂ ನೆನಪಿಟ್ಟುಕೊಂಡಿಲ್ಲ. ಮನೆಮಂದಿಯೆಲ್ಲ ನೋಡುವ ಚಿತ್ರಕ್ಕೆ ಇದಕ್ಕಿಂತ ಸರಿಯಾದ ಅಳತೆ ಇರಲಿಲ್ಲ.

ಈಗ ನಮ್ಮಲ್ಲೂ ಶುಕ್ರವಾರ ರಾತ್ರಿಗೇ ಪೋಸ್ಟರ್ ಮೇಲೆ ಕೋಟಿಗಳು ಬರುತ್ತವೆ, ಅದನ್ನು ತಾಳೆ ನೋಡಲು ಎಲ್ಲರೂ ಒಪ್ಪುವ ಒಂದು ಲೆಕ್ಕವೇ ಇಲ್ಲ. ಹೀಗಿದ್ದೂ 2025ರ ಜುಲೈ 25ರಂದು ಒಟ್ಟಿಗೇ ಬಂದ ಎರಡು ಚಿತ್ರಗಳು ಹಳೆಯ ಅಳತೆಯೇ ಸರಿ ಎಂದು ತೋರಿಸಿದವು. ಜೆ.ಪಿ. ತೂಮಿನಾಡು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಕೈಜೋಡಿಸಿದ ‘ಸು ಫ್ರಮ್ ಸೋ’ ಮೊದಲ ದಿನ ಒಂದು ಕೋಟಿ ರೂಪಾಯಿಯನ್ನೂ ಮುಟ್ಟಲಿಲ್ಲ ಎಂಬುದು ಉದ್ಯಮದ ಅಂದಾಜು. ಬಾಯಿಮಾತಿನಿಂದಲೇ ಪ್ರದರ್ಶನಗಳು ಏರುತ್ತ ಹೋಗಿ ನೂರು ಕೋಟಿ ದಾಟಿತು. ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಎರಡು ಕೋಟಿಯೊಳಗೆ ಆರಂಭಿಸಿ ಮುನ್ನೂರು ಕೋಟಿ ಮೀರಿತು. ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಹೋದ ಚಿತ್ರ ಅದು. ಎರಡೂ ಬಂದದ್ದು ರಜೆಯಲ್ಲಲ್ಲ, ಶಾಲೆ ನಡೆಯುವ ಮಳೆಗಾಲದಲ್ಲಿ. ಏಪ್ರಿಲ್–ಮೇ ರಜೆಯಲ್ಲಿ ಐಪಿಎಲ್‌ಗೆ ಹೆದರಿ ಹಿಂದೆ ಸರಿಯುವ ನಮ್ಮ ನಿರ್ಮಾಪಕರು ಇದನ್ನು ಗಮನಿಸಬೇಕು. ಪಂದ್ಯ ಹೆಚ್ಚಾಗಿ ಶುರುವಾಗುವುದು ಸಂಜೆ ಏಳೂವರೆಗೆ. ರಜೆಯ ಮಕ್ಕಳಿಗೆ ಬೆಳಗಿನ ಹತ್ತರ ಆಟ ಇದೆ, ಮಧ್ಯಾಹ್ನದ ಆಟವೂ ಇದೆ. ಆ ಆಟಗಳನ್ನು ಮೂರು ವಾರ ಕೀಳದೆ ಉಳಿಸಿಕೊಳ್ಳುವುದು ಪ್ರದರ್ಶಕರ ಕೈಯಲ್ಲಿದೆ. ಅಷ್ಟು ದಿನ ಷರಾ ಬರೆಯದೆ ಕಾಯುವುದು, ಕಾದು ಮೂರನೇ ಮಂಗಳವಾರದ ಗಳಿಕೆ ಎಷ್ಟಾಯಿತು ಎಂದು ಕೇಳುವುದು ಅಭಿಮಾನಿಗಳ ಕೈಯಲ್ಲಿದೆ.