ನೀರಿನ ಹಕ್ಕಿ, ಒಲೆಯ ಲೆಕ್ಕ

ಕೋಳಿ ಬೇಯಿಸಲು ಬಂದವರಿಗೆ ಬಾತುಕೋಳಿ ಬೇಯಿಸುವುದೂ ಬರುತ್ತದೆಂಬುದು ಸಾಮಾನ್ಯ ನಂಬಿಕೆ. ಹೆಸರಿನಲ್ಲೇ ‘ಕೋಳಿ’ ಸೇರಿಕೊಂಡಿದೆಯಲ್ಲ! ಆದರೆ ಕೋಳಿಯ ಲೆಕ್ಕದಲ್ಲೇ ಇಡೀ ಬಾತನ್ನು ಒಲೆಗೇರಿಸಿದವರ ತಟ್ಟೆಗೆ ಬರುವುದು ರಬ್ಬರಿನಂಥ ಚರ್ಮ, ಅದರಡಿಯಲ್ಲಿ ಕರಗದೆ ಉಳಿದ ಕೊಬ್ಬು, ಎಷ್ಟು ಎಳೆದರೂ ಮೂಳೆ ಬಿಡದ ತೊಡೆ. ಹಬ್ಬಕ್ಕೆಂದು ತಂದ ದುಬಾರಿ ಹಕ್ಕಿ, ಊಟಕ್ಕೆ ಕುಳಿತ ನೆಂಟರು, ಅಡುಗೆಯವರ ಸಪ್ಪೆ ಮುಖ! ಇಲ್ಲಿ ತಪ್ಪುವುದು ಮಸಾಲೆಯ ಹದವಲ್ಲ, ಶಾಖದ ಹದ. ಬಾತು ತಿನ್ನದ ಮನೆಯವರೂ ಇದನ್ನು ಓದಬಹುದು. ಹೈಸ್ಕೂಲಿನ ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ಎಷ್ಟೋ ಪಾಠಗಳು ಈ ಒಂದು ಹಕ್ಕಿಯಲ್ಲಿ ಅಡಗಿವೆ.

ಕೋಳಿಯ ಎದೆಯ ಮಾಂಸ ಬಿಳಿ, ಬಾತಿನದು ಕಡುಗೆಂಪು. ಏಕೆ? ಕೋಳಿ ಹಾರುವುದು ಬೇಲಿಯಿಂದ ಹಿತ್ತಲಿಗೆ, ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ಕ್ಷಣಕಾಲದ ರಭಸಕ್ಕೆ ಒದಗುವ ಸ್ನಾಯು ಅದಕ್ಕೆ ಸಾಕು. ಆದರೆ ನಮ್ಮ ಬಹುತೇಕ ಸಾಕುಬಾತುಗಳ ಪೂರ್ವಜ ನೂರಾರು ಕಿಲೋಮೀಟರ್ ವಲಸೆ ಹೋಗುವ ಮಲ್ಲಾರ್ಡ್ ಎಂಬ ಕಾಡುಬಾತು. ಗಂಟೆಗಟ್ಟಲೆ ರೆಕ್ಕೆ ಬಡಿಯುವ ಸ್ನಾಯುವಿಗೆ ಆಮ್ಲಜನಕದ ಸತತ ಪೂರೈಕೆ ಬೇಕು. ಅದನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಅಲ್ಲಿ ಹೇರಳ. ಸಾಕುಬಾತು ಹಾರುವುದನ್ನು ಬಹುಮಟ್ಟಿಗೆ ಮರೆತಿದೆ. ಅದರ ಎದೆ ಮಾತ್ರ ಮರೆತಿಲ್ಲ. ಆದ್ದರಿಂದ ‘ಬಣ್ಣ ಬಿಳಿಯಾದರೆ ಬೆಂದಿತು’ ಎಂಬ ಕೋಳಿಯ ಪರೀಕ್ಷೆ ಇಲ್ಲಿ ನಡೆಯದು.

ಇನ್ನು ಕೊಬ್ಬು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ದಿನವಿಡೀ ತಣ್ಣೀರಿನಲ್ಲಿ ಕುಳಿತ ಹಕ್ಕಿ ಮೈಬಿಸಿ ಉಳಿಸಿಕೊಳ್ಳಬೇಕಾದರೆ ಒಳಗೊಂದು ಕಂಬಳಿ ಬೇಕು ತಾನೆ? ಚರ್ಮದಡಿಯ ಕೊಬ್ಬಿನ ಪದರವೇ ಆ ಕಂಬಳಿ. ತೇಲುವುದಕ್ಕೂ ಅದು ನೆರವು. ಈ ಕೊಬ್ಬು ಬೆಣ್ಣೆಯಂತೆ ಬಿಡಿಯಾಗಿಲ್ಲ. ಕೊಲಾಜನ್ ಎಂಬ ಗಟ್ಟಿ ನಾರಿನ ಬಲೆಯೊಳಗೆ, ಸಣ್ಣ ಸಣ್ಣ ಚೀಲಗಳಲ್ಲಿ ಸಿಕ್ಕಿಕೊಂಡಿದೆ. ಆರಂಭದಲ್ಲೇ ದೊಡ್ಡ ಉರಿ ಕೊಟ್ಟರೆ ಹೊರಚರ್ಮ ಕಪ್ಪಾಗುತ್ತದೆ, ಒಳಗಿನ ಕೊಬ್ಬು ಇದ್ದಲ್ಲೇ ಇರುತ್ತದೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಬಲೆ ಸಡಿಲಗೊಂಡು ಕೊಬ್ಬು ಹರಿದು ಹೊರಬರುತ್ತದೆ. ಅದಕ್ಕೆ ದಾರಿ ಮಾಡಿಕೊಡಲೆಂದೇ ಚರ್ಮವನ್ನು ಸೂಜಿಯಿಂದ ಅಲ್ಲಲ್ಲಿ ಓರೆಯಾಗಿ ಚುಚ್ಚುವುದು. ಸೂಜಿ ಮಾಂಸಕ್ಕೆ ತಾಗಬಾರದು, ತಾಗಿದರೆ ರಸ ಸೋರಿಹೋಗುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು: ಮನೆಗೆ ಬಂದಿರುವುದು ಯಾವ ಬಾತು?

ಹೊರದೇಶಗಳ ಅಡುಗೆ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದು ಪೆಕಿನ್ ತಳಿಯ ಬಗ್ಗೆ. ಚೀನಾ ಮೂಲದ ಈ ಬಿಳಿ ಬಾತು 1873ರಲ್ಲಿ ಅಮೆರಿಕ ತಲುಪಿ ಅಲ್ಲಿನ ಮಾಂಸದ ಬಾತೇ ಆಯಿತು. ಆರೇಳು ವಾರಗಳಲ್ಲೇ ಮೂರು ಕಿಲೋ ತೂಗುವ, ಕೊಬ್ಬು ತುಂಬಿದ ಎಳೆಯ ಹಕ್ಕಿ ಅದು. ನಮ್ಮ ಕಡೆಯ ಕಥೆ ಬೇರೆ. ಕೇರಳದ ಕುಟ್ಟನಾಡಿನ ಚಾರ, ಚೆಂಬಲ್ಲಿ ಬಾತುಗಳು ಮುಖ್ಯವಾಗಿ ಮೊಟ್ಟೆಯ ಹಕ್ಕಿಗಳು. ಕೊಯ್ಲಾದ ಗದ್ದೆಗಳಲ್ಲಿ ಉದುರಿದ ಭತ್ತ, ಬಸವನಹುಳು ಹೆಕ್ಕುತ್ತ ಮೈಲಿಗಟ್ಟಲೆ ನಡೆಯುತ್ತವೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತು ಸಾಕಣೆ ಕೇಂದ್ರದ ಮೂಲಕ ಹೆಸರಾದ ಖಾಕಿ ಕ್ಯಾಂಪ್‌ಬೆಲ್ ಕೂಡ ಮೊಟ್ಟೆಯ ತಳಿಯೇ. ಮೊಟ್ಟೆ ನಿಲ್ಲಿಸಿದ ಮೇಲೆ ಮಾಂಸಕ್ಕೆ ಬರುವ ಇಂಥ ಹಕ್ಕಿಗೆ ವಯಸ್ಸು ಹೆಚ್ಚು, ಕೊಬ್ಬು ಕಡಿಮೆ, ನಾರು ಬಲು ಗಟ್ಟಿ. ಪೆಕಿನ್ ಬಾತಿಗೆ ಬರೆದ ಪಾಕವನ್ನು ಇದರ ಮೇಲೆ ಪ್ರಯೋಗಿಸುವುದು, ಹಲಸಿನಕಾಯಿಗೆ ಸೌತೆಕಾಯಿಯ ಲೆಕ್ಕ ಹಾಕಿದಂತೆ!

ಗದ್ದೆಯಲ್ಲಿ ನಡೆದ ಬಾತಿಗೆ ಒಣ ಶಾಖ ಒಗ್ಗದು, ನೀರು ಬೇಕು. ನೀರಿನ ಸಂಗಡ ದೀರ್ಘಕಾಲ ಬೆಂದಾಗ ಕೊಲಾಜನ್ ಮೆತ್ತಗಿನ ಜೆಲಟಿನ್ ಆಗಿ ಬದಲಾಗುತ್ತದೆ. 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಬದಲಾವಣೆ ಚುರುಕಾಗುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಒಂದೂವರೆ ಕಿಲೋ ಆಸುಪಾಸಿನ ಶುಚಿ ಮಾಡಿದ ಹಕ್ಕಿ ಏಳೂವರೆ ಲೀಟರಿನ ಕುಕ್ಕರಿನಲ್ಲಿ ಇಡಿಯಾಗಿಯೇ ಹಿಡಿಸುತ್ತದೆ. ಮೊದಲು ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯನ್ನು ಕತ್ತರಿಸಿ ತೆಗೆಯಬೇಕು. ಹಕ್ಕಿ ಕೊಕ್ಕಿನಿಂದ ಗರಿಗಳಿಗೆ ಸವರಿಕೊಳ್ಳುವ ಎಣ್ಣೆ ಅಲ್ಲಿಂದಲೇ ಬರುವುದು. ಅಡುಗೆಯಲ್ಲಿ ಉಳಿದರೆ ಒಗರು ವಾಸನೆ. ಉಪ್ಪು, ಅರಿಸಿನ, ಧಾರಾಳವಾಗಿ ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ಸವರಿ ಎರಡು ಗಂಟೆ ತಣ್ಣಗಿನ ಕಡೆ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಆಮೇಲೆ ಎರಡು ಲೋಟ ನೀರು ಹಾಕಿ, ಮೊದಲ ಸೀಟಿಯ ನಂತರ ಉರಿ ತಗ್ಗಿಸಿ 20ರಿಂದ 25 ನಿಮಿಷ. ಸೀಟಿ ಎಣಿಸುತ್ತ ಕೂರುವುದಕ್ಕಿಂತ ಗಡಿಯಾರ ನೋಡುವುದು ವಾಸಿ. ಸೀಟಿಯ ಸಂಖ್ಯೆ ಕುಕ್ಕರಿನಿಂದ ಕುಕ್ಕರಿಗೆ ಬದಲಾಗುತ್ತದೆ, ನಿಮಿಷ ಬದಲಾಗದು. ಒತ್ತಡ ತಾನಾಗಿ ಇಳಿದ ಮೇಲೆ ತೊಡೆಯ ಸಂದಿಗೆ ಚಾಕು ಚುಚ್ಚಿ ನೋಡಿ. ಸಲೀಸಾಗಿ ಇಳಿಯದಿದ್ದರೆ ಇನ್ನೊಂದು ಹತ್ತು ನಿಮಿಷ.

ಈಗ ಹಕ್ಕಿ ಬೆಂದಿದೆ, ಆದರೆ ನೋಡಲು ಪೇಲವ. ಕಂದು ಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಮೇಲಾರ್ಡ್ ಕ್ರಿಯೆ (ಫ್ರಾನ್ಸಿನ ಲೂಯಿ ಕಮಿಲ್ ಮೇಲಾರ್ಡ್ 1912ರಲ್ಲಿ ವಿವರಿಸಿದ್ದು, ಮಲ್ಲಾರ್ಡ್ ಬಾತಿಗೂ ಅವರಿಗೂ ನಂಟಿಲ್ಲ!) ಬಿರುಸಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ಚರ್ಮ ಒದ್ದೆಯಾಗಿರುವಷ್ಟು ಹೊತ್ತು ಅದರ ತಾಪ 100 ಡಿಗ್ರಿಯನ್ನು ದಾಟುವುದೇ ಇಲ್ಲ. ಕುದಿಯುವ ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಶಾಖ ಖರ್ಚಾಗುತ್ತದೆಂದು ಮಕ್ಕಳು ಗುಪ್ತೋಷ್ಣದ ಪಾಠದಲ್ಲಿ ಉರು ಹೊಡೆದಿರುತ್ತಾರೆ. ಆ ಅಂಕಿ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಇಲ್ಲಿ. ಆದ್ದರಿಂದ ಹಕ್ಕಿಯನ್ನು ಹೊರತೆಗೆದು, ಬಟ್ಟೆಯಿಂದ ಒತ್ತಿ ಒರೆಸಿ, ಆರಿದ ಮೇಲೆ ಒಂದು ಗಂಟೆ ಮುಚ್ಚದೆ ಫ್ರಿಜ್ಜಿನಲ್ಲಿಟ್ಟು ಮೈ ಒಣಗಿಸಬೇಕು. ಆಮೇಲೆ ದಪ್ಪ ತಳದ ಅಗಲ ಬಾಣಲೆಯಲ್ಲಿ, ಕುಕ್ಕರಿನ ರಸದ ಮೇಲೆ ತೇಲಿದ ಅದರದೇ ಕೊಬ್ಬನ್ನು ಹಾಕಿ, ಮಗ್ಗುಲು ಬದಲಿಸುತ್ತ ಹುರಿದರೆ ಚರ್ಮ ಗರಿಗರಿ. ಉಳಿದ ರಸಕ್ಕೆ ಹುರಿದ ಈರುಳ್ಳಿ, ಗಟ್ಟಿ ತೆಂಗಿನ ಹಾಲು ಸೇರಿಸಿದರೆ ಸಾರು ಸಿದ್ಧ. ಕುಟ್ಟನಾಡಿನ ‘ತಾರಾವು’ ಅಡುಗೆಯ ಜಾಡು ಹೆಚ್ಚುಕಡಿಮೆ ಇದೇ. ಮಂಗಳೂರಿನ ಕ್ರೈಸ್ತ ಮನೆಗಳ ಬಾತಿನ ಮೊಯ್ಲಿಯನ್ನು ಬಲ್ಲವರಿಗೂ ಇದು ಅಪರಿಚಿತವೆನಿಸದು.

ಫ್ರೀಜರಿನ ಅಂಗಡಿಯಿಂದ ತಂದ ಎಳೆಯ, ಕೊಬ್ಬಿದ ಬಾತಾದರೆ ಒಲೆಗಿಂತ ಓವನ್ ಸರಿ. ಹಿಂದಿನ ದಿನವೇ ಫ್ರಿಜ್ಜಿನ ಕೆಳ ಅರೆಯಲ್ಲಿಟ್ಟು ಮಂಜು ಬಿಡಿಸಬೇಕು, ಅಡುಗೆಕಟ್ಟೆಯ ಮೇಲಲ್ಲ. ಚರ್ಮ ಚುಚ್ಚಿ, ಉಪ್ಪು ಸವರಿ, ರಾತ್ರಿಯಿಡೀ ತೆರೆದಿಟ್ಟು ಒಣಗಿಸಿ, ಜಾಲರಿಯ ಮೇಲೆ ಕೂರಿಸಿ 160 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ. ಕೆಳಗಿನ ತಟ್ಟೆಗೆ ಇಳಿದ ಕೊಬ್ಬನ್ನು ನಡುನಡುವೆ ಬಸಿಯುತ್ತಿರಬೇಕು. ಕೊನೆಗೆ 220 ಡಿಗ್ರಿಗೆ ಏರಿಸಿ ಕಾಲು ಗಂಟೆ. ಮೊದಲನೆಯದು ಕೊಬ್ಬು ಕರಗಿಸುವ ಶಾಖ, ಎರಡನೆಯದು ಚರ್ಮ ಗರಿಗರಿ ಮಾಡುವ ಶಾಖ. ಎದೆ ಬೇಗ ಬೇಯುತ್ತದೆ, ತೊಡೆ ತಡವಾಗಿ. ಇಡೀ ಹಕ್ಕಿಯನ್ನು ಬೇಯಿಸುವವರು ಈ ಜಗಳದಲ್ಲಿ ತೊಡೆಯ ಪಕ್ಷ ವಹಿಸುವುದೇ ಕ್ಷೇಮ.

ಬೀಜಿಂಗಿನವರು ಇದೇ ಸಮಸ್ಯೆಗೆ ಸೊಗಸಾದ ಉಪಾಯ ಕಂಡುಕೊಂಡಿದ್ದಾರೆ. 1864ರಲ್ಲಿ ಆರಂಭವಾದ ಚುವಾನ್‌ಜುದೆ ಎಂಬ ಹೋಟೆಲು ಹೆಸರಾಗಿರುವುದು ಇದಕ್ಕೇ. ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿ ತುಂಬಿ ಬೇರ್ಪಡಿಸುತ್ತಾರೆ; ಕುದಿನೀರು ಸುರಿದು ಚರ್ಮ ಬಿಗಿಗೊಳಿಸಿ, ಮಾಲ್ಟೋಸ್ ಪಾಕ ಸವರಿ ಒಣಗಿಸುತ್ತಾರೆ; ಹೊಟ್ಟೆಯೊಳಗೆ ನೀರು ತುಂಬಿ, ಹಣ್ಣಿನ ಮರದ ಸೌದೆಯ ಬೆಂಕಿಯೆದುರು ತೂಗುಹಾಕುತ್ತಾರೆ. ಒಳಗೆ ಹಬೆಯಲ್ಲಿ ಬೇಯುವುದು, ಹೊರಗೆ ಒಣಶಾಖದಲ್ಲಿ ಸುಡುವುದು, ಎರಡೂ ಒಟ್ಟಿಗೆ! ಮನೆಯಲ್ಲಿ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಸಡಿಲಿಸಿದರೆ ಸಾಕು. ಸೈಕಲ್ ಪಂಪು ಹುಡುಕಲು ಹೊರಟ ಮಕ್ಕಳನ್ನು ತಡೆಯುವ ಕೆಲಸ ತಾಯಂದಿರದು.

ರುಚಿಯ ಮಾತು ಸಾಕು, ಸುರಕ್ಷತೆಗೆ ಬರೋಣ. ಕುಟ್ಟನಾಡಿನಲ್ಲಿ 2014ರ ನವೆಂಬರಿನಲ್ಲಿ, ಕ್ರಿಸ್‌ಮಸ್ ಮಾರಾಟ ಎದುರಿಗಿರುವಾಗಲೇ ಬಾತುಗಳಿಗೆ ಹಕ್ಕಿಜ್ವರ ತಗುಲಿತು. ರೋಗ ಹರಡದಿರಲೆಂದು ರೈತರು ಸಾಕಿದ ಹಿಂಡುಹಿಂಡು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2021ರಲ್ಲಿ, 2024ರಲ್ಲಿ ಮತ್ತೆ ಅದೇ ಕಥೆ. ಇಂಥ ಸುದ್ದಿ ಬಂದಾಗ ಮನೆಗಳಲ್ಲಿ ಹುಟ್ಟುವ ಭಯ ಸಹಜ. ಪೂರ್ತಿ ಬೆಂದ ಮಾಂಸದಲ್ಲಿ ಈ ವೈರಸ್ ಉಳಿಯದು. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಮುಟ್ಟಿದರೆ ಅದು ಸಾಯುತ್ತದೆ. ಅಪಾಯ ಹೆಚ್ಚಾಗಿರುವುದು ಕಾಯಿಲೆಯ ಹಕ್ಕಿಯನ್ನು ಕೊಯ್ಯುವಾಗ, ಪುಕ್ಕ ಕೀಳುವಾಗ, ಹಸಿಮಾಂಸ ಮುಟ್ಟುವಾಗ. ರೋಗದ ಸುದ್ದಿಯಿರುವ ಊರಿನಿಂದ ಹಕ್ಕಿ ತರಲೇಬಾರದು. ಸತ್ತುಬಿದ್ದ ಹಕ್ಕಿಯನ್ನು ಮಕ್ಕಳು ಮುಟ್ಟಬಾರದು.

ಹಕ್ಕಿಜ್ವರವಿಲ್ಲದ ದಿನಗಳಲ್ಲೂ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಹಸಿಮಾಂಸದಲ್ಲಿ ಇರಬಹುದು. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅವು ಹೋಗುವುದಿಲ್ಲ, ಹನಿಗಳ ಜೊತೆ ಸುತ್ತಲಿನ ಪಾತ್ರೆ, ತರಕಾರಿಗಳ ಮೇಲೆ ಸಿಡಿಯುತ್ತವೆ. ಒರೆಸುವುದೇ ಮೇಲು. ಹಸಿಮಾಂಸ ಕೊಯ್ದ ಮಣೆಯಲ್ಲಿ ಸೌತೆಕಾಯಿ ಹೆಚ್ಚಬಾರದು, ಕೈಯನ್ನು ಸೋಪಿನಿಂದ ತೊಳೆಯಬೇಕು. ಬೆಂದಿತೋ ಇಲ್ಲವೋ ಎಂದು ನಿಶ್ಚಯಿಸಲು ಅಡುಗೆಯ ಥರ್ಮಾಮೀಟರೊಂದೇ ನಂಬಿಗಸ್ತ. ತೊಡೆಯ ಅತಿ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಹೊಟ್ಟೆಯೊಳಗೆ ಅನ್ನವನ್ನೋ ಬ್ರೆಡ್ಡನ್ನೋ ತುಂಬಿದ್ದರೆ ಅದರ ನಡುಭಾಗವೂ ಅಷ್ಟೇ ಬಿಸಿಯಾಗಬೇಕು. ಶಾಖ ಅಲ್ಲಿಗೆ ತಲುಪುವುದು ಎಲ್ಲಕ್ಕಿಂತ ಕೊನೆಗೆ, ಹಾಗಾಗಿ ತುಂಬದಿರುವುದೇ ಜಾಣತನ.

ಬಸಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೆ ತಣಿದು ಕಟ್ಟಿಕೊಳ್ಳುತ್ತದೆ. ಸೋಸಿ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಆಲೂಗಡ್ಡೆ ಹುರಿಯಲು ಅದಕ್ಕಿಂತ ರುಚಿಯಾದ ಜಿಡ್ಡು ಸಿಗುವುದು ಕಷ್ಟ. ಬಾಣಲೆಯ ಕೊಬ್ಬಿಗೇನಾದರೂ ಬೆಂಕಿ ಹತ್ತಿದರೆ ನೀರು ಎರಚಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು. ಉಳಿದ ಮೂಳೆಗಳಿಗೆ ನೀರು ಹಾಕಿ, ನಾಲ್ಕು ಮೆಣಸುಕಾಳು ಸೇರಿಸಿ ಮತ್ತೆ ಅರ್ಧ ಗಂಟೆ ಕುಕ್ಕರಿನಲ್ಲಿಟ್ಟು, ಸೋಸಿ ತಣ್ಣಗಿಟ್ಟರೆ ಮರುದಿನ ಬೆಳಿಗ್ಗೆ ಅದು ಗಟ್ಟಿಯಾಗಿ ತೊನೆದಾಡುತ್ತಿರುತ್ತದೆ. ಹಿಂದಿನ ದಿನ ತೊಡೆಯನ್ನು ಬಿಗಿಹಿಡಿದಿದ್ದ ಕೊಲಾಜನ್ನೇ ಅದು, ಈಗ ಜೆಲಟಿನ್ ರೂಪದಲ್ಲಿ. ಬಿಸಿ ಮಾಡಿದರೆ ಸೂಪು.