ಮನೆಯಿಂದಲೇ ಶುರು ಮಾಡಿದ ಸರಸ್ವತಿ ಗೋರಾ

ವಿಜಯವಾಡ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಬೆಟ್ಟದ ಮೇಲಿನ ಕನಕದುರ್ಗಮ್ಮ, ಕೆಳಗೆ ಹರಿಯುವ ಕೃಷ್ಣೆ. ಅದೇ ಊರಿನ ಬೆಂಜ್ ಸರ್ಕಲ್ ಹತ್ತಿರ, ಪಟಮಟದಲ್ಲಿ, ಒಂದು ನಾಸ್ತಿಕ ಕೇಂದ್ರವೂ ಇದೆ. ಗಂಡ ಗೋರಾ 1975ರಲ್ಲಿ ತೀರಿಕೊಂಡ ಮೇಲೆ ಅದನ್ನು ವರ್ಷಗಟ್ಟಲೆ ಮುನ್ನಡೆಸಿದವರು ಸರಸ್ವತಿ ಗೋರಾ. ದೇವರನ್ನು ನಂಬುವವರೂ ಒಮ್ಮೆ ತಿಳಿದುಕೊಳ್ಳಬೇಕಾದ ಬದುಕು ಅವರದು.

ಸರಸ್ವತಿ ಹುಟ್ಟಿದ್ದು 1912ರಲ್ಲಿ, ವಿಜಯನಗರಂನಲ್ಲಿ. ನಮ್ಮ ಹಂಪಿಯ ವಿಜಯನಗರವಲ್ಲ. ಆಗ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ಊರು. ಹತ್ತನೇ ವರ್ಷಕ್ಕೇ ಮದುವೆ. ಗಂಡ ಗೋಪರಾಜು ರಾಮಚಂದ್ರರಾವ್, ಸಸ್ಯಶಾಸ್ತ್ರದ ಮೇಷ್ಟ್ರು. ಆ ಹೆಸರೇ ಚಿಕ್ಕದಾಗಿ ‘ಗೋರಾ’ ಆಯಿತು. ಅವರು ಜನಿವಾರ ತೊರೆದಾಗ ಗಂಡಹೆಂಡಿರಿಬ್ಬರೂ ಮನೆ ಬಿಡಬೇಕಾಯಿತು. ನಾಸ್ತಿಕವಾದದ ಕಾರಣಕ್ಕೆ ಕಾಲೇಜಿನ ಕೆಲಸವೂ ಹೋಯಿತು. ದಂಪತಿಗೆ ಒಟ್ಟು ಒಂಬತ್ತು ಮಕ್ಕಳು.

ಇಂಥ ಕಡೆ ಹೆಂಡತಿಯಾದವಳು ಗಂಡನ ಆದರ್ಶವನ್ನು ಸಹಿಸಿಕೊಂಡು ಸುಮ್ಮನಿರುವುದೇ ಹೆಚ್ಚು. ಸರಸ್ವತಿ ಸುಮ್ಮನಿರಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದು ಓಡಾಡಿದರು. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗ ‘ಲವಣಂ’ ಆದ, ಒಂಬತ್ತನೆಯ ಮಗುವಿಗೆ ‘ನೌ’ ಎಂದೇ ಹೆಸರು. ಹೆಸರು ಕೇಳಿದರೆ ಜಾತಿ ಗೊತ್ತಾಗಬಾರದು, ಅಷ್ಟೇ. 1940ರಲ್ಲಿ ಗಂಡಹೆಂಡಿರು ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಕೇಂದ್ರ ಶುರು ಮಾಡಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ನಡುವೆ ಕ್ವಿಟ್ ಇಂಡಿಯಾ ಚಳವಳಿ. ಪುಟ್ಟ ಮಗ ನಿಯಂತನನ್ನು ಎತ್ತಿಕೊಂಡೇ ಈ ತಾಯಿ ಜೈಲಿಗೆ ಹೋದರು.

ನಿಜವಾದ ಪರೀಕ್ಷೆ ಹಿರಿಯ ಮಗಳು ಮನೋರಮಾಳ ಮದುವೆ. ವರ ಅರ್ಜುನರಾವ್, ದಲಿತ ಯುವಕ. ಮದುವೆಯನ್ನು ಸೇವಾಗ್ರಾಮದಲ್ಲೇ ಮಾಡೋಣ ಎಂದಿದ್ದ ಗಾಂಧೀಜಿ ಅದಕ್ಕೆ ಮೊದಲೇ ಹತ್ಯೆಯಾದರು. ಆದರೂ 1948ರ ಮಾರ್ಚ್‌ನಲ್ಲಿ ಅದೇ ಆಶ್ರಮದಲ್ಲಿ ಮದುವೆ ನಡೆಯಿತು. ಮುಂದೆ ಲವಣಂ ಕೈಹಿಡಿದದ್ದು ದಲಿತ ಮಹಾಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾರನ್ನು. ಆ ಸೊಸೆ ನಿಜಾಮಾಬಾದ್ ಕಡೆ ಜೋಗಿನಿ ಪದ್ಧತಿಯ ವಿರುದ್ಧ ದುಡಿದರು. ಮಗಳು ಚೆನ್ನುಪಾಟಿ ವಿದ್ಯಾ 1969ರಲ್ಲಿ ವಿಜಯವಾಡದಲ್ಲಿ ‘ವಾಸವ್ಯ ಮಹಿಳಾ ಮಂಡಲಿ’ ಕಟ್ಟಿದರು, ಎರಡು ಸಲ ಲೋಕಸಭೆಗೂ ಹೋದರು.

ಕರ್ನಾಟಕ ಸರಕಾರ ಸರಸ್ವತಿ ಗೋರಾ ಅವರಿಗೆ ಬಸವ ಪುರಸ್ಕಾರ ಕೊಟ್ಟಿತು. ಶರಣರ ಹೆಸರಿನ ಪ್ರಶಸ್ತಿ ನಾಸ್ತಿಕ ಅಜ್ಜಿಗೇಕೆ ಎನ್ನಬೇಡಿ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳಿಗೂ ಆದ ಮದುವೆಗೆ ಊರೇ ಹೊತ್ತಿ ಉರಿಯಿತು, ಅಪ್ಪಂದಿರಿಬ್ಬರೂ ಪ್ರಾಣ ತೆತ್ತರು. ಅದೇ ಕೆಲಸವನ್ನು ಸರಸ್ವತಿ ತಮ್ಮ ಮನೆಯಲ್ಲಿ ಮಾಡಿ ತೋರಿಸಿದರು.

ನಾವು ಮುಂಬಯಿಗೋ ದೆಹಲಿಗೋ ಚೆನ್ನೈಗೋ ಬಂದು ಊಟ ಬದಲಾಯಿಸಿಕೊಂಡೆವು, ಉಡುಪು ಬದಲಾಯಿಸಿಕೊಂಡೆವು. ಕನ್ನಡ ಸಂಘದ ವೇದಿಕೆಯಲ್ಲಿ ವಚನವನ್ನೂ ಹಾಡುತ್ತೇವೆ. ಮಗಳ ಮದುವೆಯ ಮಾತು ಬಂದಾಗ ಮಾತ್ರ ‘ನಮ್ಮವರೇ’ ಬೇಕು, ಉಪಪಂಗಡವೂ ಹೊಂದಬೇಕು. ಹೊರಗಿನ ಊರು ಕೊಟ್ಟ ಸ್ವಾತಂತ್ರ್ಯ ಹುಡುಗಿಯ ಓದಿಗೆ, ಸಂಬಳಕ್ಕೆ ಸಾಕು, ಸಂಗಾತಿಯ ಆಯ್ಕೆಗೆ ಬೇಡ.

2006ರಲ್ಲಿ ಸರಸ್ವತಿ ಗೋರಾ ತೀರಿಕೊಂಡರು. ಮುಂದಿನ ಸಲ ಕನಕದುರ್ಗಮ್ಮನ ದರ್ಶನಕ್ಕೆ ಹೋದಾಗ, ಬಿಡುವಿದ್ದರೆ ಪಟಮಟಕ್ಕೂ ಹೋಗಿಬನ್ನಿ. ಮದುವೆ ವಯಸ್ಸಿನ ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ.